ಅಮಾನತಿನಲ್ಲಿದ್ದ ಬಸ್ಸು

ನನ್ನ ತಮ್ಮ ಕಲ್ಲು ಮನಸ್ಸಿನವನು. ಅಕ್ಕನಾದವಳು ಇದನ್ನು ಬರೆಯಬಾರದು ಎನ್ನುವವರು ಅವನ ಕೈಕೆಳಗೆ ಒಂದು ವಾರ ಕೆಲಸ ಮಾಡಿ ಬರಲಿ, ಆಮೇಲೆ ಮಾತಾಡೋಣ. ಅವನಿಗೆ ಗಡಿಯಾರ ಗೊತ್ತು, ಗೇರು ಗೊತ್ತು, ನಿಯಮ ಗೊತ್ತು. ಮನುಷ್ಯರೆಂದರೆ ಅವನ ಪಾಲಿಗೆ ಇವುಗಳ ನಡುವೆ ಅಡ್ಡ ಬರುವ ಪ್ರಾಣಿಗಳು.

ಅವನು ಬಸ್ ಡಿಪೋದ ಮ್ಯಾನೇಜರು. ಡಿಪೋ ದೊಡ್ಡದೇನಲ್ಲ. ನಾಲ್ಕು ಸಾಲಾಗಿ ನಿಲ್ಲುವಷ್ಟು ಬಸ್ಸು, ಒಂದು ವರ್ಕ್‌ಶಾಪು, ಎಣ್ಣೆ ಕುಡಿದು ಕುಡಿದು ಕಪ್ಪಾದ ಅಂಗಳ, ಅಂಗಳದ ತಗ್ಗಿನ ತುದಿಗೆ ಅವನ ಕಚೇರಿ. ಚಾಲಕನಾಗಿ ಸೇರಿ, ಅರ್ಧ ಆಯುಷ್ಯ ಸ್ಟೀರಿಂಗ್ ಹಿಡಿದು, ಆಮೇಲೆ ಕುರ್ಚಿಗೆ ಬಂದವನು. ಕುರ್ಚಿಗೆ ಬಂದರೂ ಭಂಗಿ ಬದಲಾಗಿಲ್ಲ. ಮೇಜಿನ ಮೇಲೆ ಎರಡೂ ಕೈ ಅಗಲಿಸಿಟ್ಟು ಕೂರುತ್ತಾನೆ. ಎದುರಿಗೆ ಬಂದವರು ತಾವಾಗಿಯೇ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಮಳೆಯಿರಲಿ ಬಿಡಲಿ, ಕೈಯಲ್ಲೊಂದು ಉದ್ದನೆಯ ಕಪ್ಪು ಛತ್ರಿ. ಬೆರಳು ತೋರಿಸುವುದು ಅಸಭ್ಯತನ ಎಂದು ನಮ್ಮ ತಾಯಿ ಕಲಿಸಿದ್ದರು. ಆದ್ದರಿಂದ ಅವನು ಛತ್ರಿ ತೋರಿಸುತ್ತಾನೆ.

ಚಾಲಕರು ಅವನಿಗೆ ಇಟ್ಟ ಹೆಸರು ಹ್ಯಾಂಡ್ ಬ್ರೇಕ್. ಎಳೆದರೆ ಮುಗಿಯಿತು, ಬಿಡುವುದಿಲ್ಲ. ಈ ಹೆಸರು ಅವನಿಗೂ ಗೊತ್ತು. ಬೇಸರವಿದೆಯೇನೋ ಎಂದು ಒಮ್ಮೆ ಕೇಳಿದೆ.

"ಬೇಸರ ಯಾಕೆ? ಬಸ್ಸಲ್ಲಿ ನಂಬೋಕೆ ಲಾಯಕ್ಕಾದ ಸಾಮಾನು ಅದೊಂದೇ ಅಕ್ಕ."

ಬುದ್ಧಿ ಹುಟ್ಟಿನಿಂದ ಬಂದದ್ದು. ಚಿಕ್ಕವನಿದ್ದಾಗ ನಮ್ಮ ಬೀದಿಗೆಲ್ಲ ಇದ್ದದ್ದು ಅವನದೊಂದೇ ರಬ್ಬರು ಚೆಂಡು. ಆಟದಲ್ಲಿ ಯಾರಾದರೂ ಮೋಸ ಮಾಡಿದರೆ ಬೇರೆ ಹುಡುಗರಂತೆ ಚೆಂಡು ಎತ್ತಿಕೊಂಡು ಮನೆಗೆ ಬರುತ್ತಿರಲಿಲ್ಲ. ಮೋಸ ಮಾಡಿದವನನ್ನು ಗೋಡೆಯ ಪಕ್ಕ ಕೂರಿಸಿ ಆಟ ಮುಂದುವರಿಸುತ್ತಿದ್ದ. ಒಂದು ಸಲ ತಾನೇ ಸಿಕ್ಕಿಬಿದ್ದ. ಯಾರೂ ಹೇಳದೆಯೇ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತ. ಅವನ ಚೆಂಡಿನಲ್ಲಿ ಮಿಕ್ಕವರು ಕತ್ತಲಾಗುವವರೆಗೂ ಆಡಿದರು. ನಮ್ಮ ತಂದೆ ಅದನ್ನು ನೋಡಿ, "ಈ ಕೂಸು ಮುಂದೆ ಜಡ್ಜ್ ಆಗುತ್ತೆ, ಇಲ್ಲಾಂದ್ರೆ ಎಲ್ಲರ ತಲೆನೋವಾಗುತ್ತೆ" ಎಂದಿದ್ದರು. ಜಡ್ಜ್ ಆಗಲಿಲ್ಲ.

ದೊಡ್ಡವನಾದ ಮೇಲೆ ಅವನ ಬಾಯಿಗೆ ಹತ್ತಿದ ಮಾತು ಅಮಾನತು. ಡಿಪೋದಲ್ಲಿ ಆ ಮಾತಿಗೊಂದು ಅರ್ಥವಿದೆ, ಅಧಿಕಾರವಿದೆ. ಅದನ್ನು ಅವನು ಊಟದ ಡಬ್ಬಿಯ ಜೊತೆ ಮನೆಗೂ ತಂದ. ಹೆಂಡತಿ ಬೇಗ ತೀರಿಕೊಂಡಳು. ಒಬ್ಬಳೇ ಮಗಳನ್ನು ತಾನೇ ಸಾಕಿದ. ಪಾಠ ಬರೆಯದಿದ್ದರೆ ರೇಡಿಯೋ ಅಮಾನತು. ಎದುರುತ್ತರ ಕೊಟ್ಟರೆ ಸೈಕಲ್ ಅಮಾನತು. ಒಮ್ಮೆ ನನ್ನ ಮನೆಯ ಬೆಕ್ಕು ಅವನ ಹಾಲಿನ ಪಾತ್ರೆಗೆ ಬಾಯಿಟ್ಟಾಗ ಆ ಬೆಕ್ಕಿನ ಪ್ರವೇಶವನ್ನೂ ಅಮಾನತು ಮಾಡಿದ. ಬೆಕ್ಕು ಕಿಟಕಿಯಿಂದ ಬಂತು, ಆ ಮಾತು ಬೇರೆ.

ಮಗಳು ಬೆಳೆದು ಕೂದಲು ಕತ್ತರಿಸುವ ಕೆಲಸ ಕಲಿತಳು. ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ಇಟ್ಟಳು. ಎರಡು ಕನ್ನಡಿ, ಒಂದು ತಿರುಗುವ ಕುರ್ಚಿ, ಗಿರಾಕಿಗಳ ಮಾತು ಬೀದಿಗೆ ಕೇಳುವಷ್ಟು ಗಲಗಲ. ವಾರಕ್ಕೊಮ್ಮೆ ಅಪ್ಪನನ್ನು ಆ ಕುರ್ಚಿಯಲ್ಲಿ ಕೂರಿಸಿ ತಲೆ, ಮೀಸೆ ಎರಡನ್ನೂ ತಿದ್ದುತ್ತಾಳೆ. ಅವನ ಮೀಸೆಯ ಎರಡು ತುದಿ ಒಂದೇ ಎತ್ತರಕ್ಕೆ ನಿಲ್ಲುವುದು ಡಿಪೋಗೆಲ್ಲ ಪ್ರಸಿದ್ಧ. ಅದೊಂದು ಹೊತ್ತು ಮಾತ್ರ ಅಪ್ಪ ಮಗಳು ಜಗಳವಿಲ್ಲದೆ ಇರುತ್ತಾರೆ, ಒಬ್ಬರ ಕೈಯಲ್ಲಿ ಕತ್ತರಿ ಇರುವುದರಿಂದ.

ಅಳಿಯನೂ ಅದೇ ಡಿಪೋದ ಚಾಲಕ. ಮಗಳನ್ನು ಕೊಡುವ ಮೊದಲು ತಮ್ಮ ಅವನ ಮನೆತನ ವಿಚಾರಿಸಲಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಬಸ್ಸು ಹಿಂದಕ್ಕೆ ತೆಗೆಸಿ ನೋಡಿದ. ಮೊದಲ ಸಲ ಫೇಲು ಮಾಡಿದ. ಎರಡನೇ ಸಲ ಮದುವೆಗೆ ಒಪ್ಪಿದ. ಮೂವರೂ ಒಂದೇ ಮನೆಯಲ್ಲಿದ್ದಾರೆ. ನಾನು ಎದುರು ಮನೆಯಲ್ಲಿ. ಮನೆಯಲ್ಲಿ ಅಳಿಯ ಅವನನ್ನು ಮಾವ ಎನ್ನುತ್ತಾನೆ, ಡಿಪೋದಲ್ಲಿ ಸರ್. ತಮ್ಮ ಮನೆಯಲ್ಲಿ ಅಳಿಯನನ್ನು ನೀನು ಎನ್ನುತ್ತಾನೆ, ಡಿಪೋದಲ್ಲಿ ನೀವು. ಡಿಪೋದಲ್ಲಿ ಅವನು ಯಾರಿಗೆ ಎಷ್ಟು ಮರ್ಯಾದೆ ಕೊಡುತ್ತಾನೋ ಅವರು ಅಷ್ಟು ಹೆದರಬೇಕು.

ಆ ಡಿಪೋದಲ್ಲಿ ಒಬ್ಬ ಚಾಲಕನಿಗೆ ಒಂದು ಬಸ್ಸು ಎಂಬ ಪದ್ಧತಿಯಿದೆ. ಅಳಿಯನ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಹಳೆಯ ಬಸ್ಸು. ಅದಕ್ಕೆ ಮುದುಕಿ ಎಂದು ಹೆಸರು. ಅವನು ಊಟಕ್ಕೆ ಕೂತು "ಇವತ್ತು ಮುದುಕಿ ಬೆಳಗ್ಗೆ ಏಳಲೇ ಇಲ್ಲ", "ಮುದುಕಿಗೆ ಏದುಸಿರು" ಎಂದೆಲ್ಲ ಶುರುಮಾಡಿದರೆ, ಎದುರಿಗೆ ಕೂತ ನನ್ನನ್ನು ನೋಡಿ ತಡವರಿಸಿ, "ನಮ್ಮ ಗಾಡಿ ಅತ್ತೆ, ಗಾಡಿ" ಎನ್ನುತ್ತಿದ್ದ. ಆ ಬಸ್ಸಿನ ಎರಡನೇ ಗೇರು ಸ್ವಲ್ಪ ಮೇಲೆತ್ತಿ ತನ್ನ ಕಡೆಗೆ ಎಳೆದರೆ ಮಾತ್ರ ಬೀಳುತ್ತದಂತೆ. ಬೆಳಗ್ಗೆ ತಣ್ಣಗಿದ್ದಾಗ ಉಪಾಯ ಬಲ್ಲವರ ಕೈಗೆ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೆ ಆಫ್ ಮಾಡಿದರೆ ನಾಲ್ಕು ಜನ ತಳ್ಳಬೇಕು. ಒಂದು ವಾರ ಸುಮ್ಮನೆ ನಿಲ್ಲಿಸಿದರೆ ಬ್ಯಾಟರಿ ಕೈಯೆತ್ತುತ್ತದೆ. ಇಷ್ಟಾದರೂ ಅವನಿಗೆ ಅದೇ ಬೇಕು. ಹೊಸ ಬಸ್ಸು ಕೊಡುತ್ತೇವೆಂದಾಗಲೂ ಬೇಡವೆಂದವನು. ಸೀಟಿನ ಎತ್ತರ, ಕನ್ನಡಿಯ ಕೋನ ಎಲ್ಲವನ್ನೂ ತನ್ನ ಮೈಗೆ ಸರಿಯಾಗಿ ಕೂರಿಸಿಕೊಂಡಿದ್ದ. ಒಂದು ದಿನ ರಜೆ ಹಾಕಿದಾಗ ಬದಲಿ ಚಾಲಕನೊಬ್ಬ ಅವನ್ನು ಅಲುಗಾಡಿಸಿದ್ದಕ್ಕೆ ಮನೆಯಲ್ಲಿ ವಾರವಿಡೀ ಗೊಣಗಿದ್ದ.

"ಡ್ರೈವರ್ ಸೀಟು ಅಂದ್ರೆ ಹಲ್ಲಿನ ಸೆಟ್ ಇದ್ದ ಹಾಗೆ ಅತ್ತೆ. ಇನ್ನೊಬ್ಬರು ಹಾಕ್ಕೊಂಡು ವಾಪಸ್ಸು ಕೊಟ್ರೆ ಸರಿಹೋಗುತ್ತಾ?"

ಉಪಮೆಗೆ ನನ್ನ ಕಡೆ ಯಾಕೆ ನೋಡಿದ ಎಂದು ನಾನು ಕೇಳಲಿಲ್ಲ.

ಡಿಪೋದ ಗೋಡೆಯ ಮೇಲೆ ತಮ್ಮ ತಾನೇ ನಿಂತು ದೊಡ್ಡ ಅಕ್ಷರದಲ್ಲಿ ಬರೆಸಿದ ನಿಯಮವೊಂದಿದೆ: ಸೀಟಿನಲ್ಲಿ ಚಾಲಕ ಇಲ್ಲದಾಗ ಎಂಜಿನ್ ಓಡಕೂಡದು. ಅಳಿಯ ಅದನ್ನು ಪ್ರತಿದಿನ ಓದುತ್ತಿದ್ದ, ಪ್ರತಿದಿನ ಮೀರುತ್ತಿದ್ದ. ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಬಂದು ಚಹಾ ಕುಡಿಯಲು ಹೋಗುವಾಗ ಮುದುಕಿಯನ್ನು ಆಫ್ ಮಾಡಿದರೆ ಮತ್ತೆ ತಳ್ಳುವವರು ಯಾರು? ಬ್ರೇಕು ಎಳೆದು, ಚಕ್ರಕ್ಕೊಂದು ಇಟ್ಟಿಗೆ ಕೊಟ್ಟು, ಎಂಜಿನ್ ಓಡುತ್ತಿರುವಂತೆಯೇ ಇಳಿದು ಹೋಗುತ್ತಿದ್ದ. ಅಂಗಳ ಗೇಟಿನಿಂದ ಕಚೇರಿಯ ಕಡೆಗೆ ಸ್ವಲ್ಪ ಇಳಿಜಾರು. ಅವನು ಯಾವಾಗಲೂ ಗೇಟಿನ ಕಡೆಗೆ ಮೂತಿ ಮಾಡಿ ನಿಲ್ಲಿಸುವವನು, ಆದ್ದರಿಂದ ಇಟ್ಟಿಗೆ ಚಕ್ರದ ಹಿಂದಕ್ಕೆ. ಆ ದಿನ ಅವನ ಜಾಗದಲ್ಲಿ ಬೇರೆ ಬಸ್ಸಿತ್ತು. ಕಚೇರಿಯ ಕಡೆಗೆ ಮೂತಿ ಮಾಡಿ ನಿಲ್ಲಿಸಿದ. ಕೈ ಮಾತ್ರ ಅಭ್ಯಾಸ ಬಿಡದೆ ಇಟ್ಟಿಗೆಯನ್ನು ಚಕ್ರದ ಹಿಂದಕ್ಕೇ ಇಟ್ಟಿತು.

ನಡುಗುತ್ತ ನಿಂತ ಎಂಜಿನ್ನಿಗೆ ಹಳೆಯ ಬ್ರೇಕು ಸ್ವಲ್ಪ ಸ್ವಲ್ಪವೇ ಸೋತಿತು. ಮುದುಕಿ ನಿಧಾನವಾಗಿ ಹೊರಟಳು. ಸೈಕಲ್ ಸ್ಟ್ಯಾಂಡನ್ನು ಮಲಗಿಸಿ, ಎರಡು ಹೂಕುಂಡ ಮುರಿದು, ನೆಂಟರು ಬಂದ ಹಾಗೆ ಮ್ಯಾನೇಜರ ಕಿಟಕಿಗೆ ಮುಖ ತಾಗಿಸಿ ನಿಂತಳು. ತಮ್ಮ ಆಗ ಕಿಟಕಿಯ ಬಳಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿದ್ದ ಕಂಡಕ್ಟರು ಎದ್ದು, "ಯಾವ ಸ್ಟಾಪು?" ಎಂದನಂತೆ.

ಅಳಿಯ ಚಹಾದ ಲೋಟ ಹಿಡಿದುಕೊಂಡೇ ಓಡಿ ಬಂದ.

"ಮಾವ, ಪೆಟ್ಟಾಯ್ತಾ?"

"ಇಲ್ಲಿ ಸರ್."

"ಸರ್, ಪೆಟ್ಟಾಯ್ತಾ?"

"ನನಗಾಗಲಿಲ್ಲ. ನಿಮಗಾಗುತ್ತೆ."

ಒಂದು ತಿಂಗಳು ಅಮಾನತು, ಅಳಿಯನಿಗೂ ಅವನ ಬಸ್ಸಿಗೂ. ಬೇರೆಯವರಿಗಾದರೆ ಅಂಥ ತಪ್ಪಿಗೆ ಒಂದು ವಾರ. ಚಾಲಕರೆಲ್ಲ ಬಂದು ಅವನ ಪರವಾಗಿ ಮಾತಾಡಿದರು. ಸೈಕಲ್ ಮುರಿದುಕೊಂಡವನೂ ಬಂದ. ತಮ್ಮ ಛತ್ರಿಯನ್ನು ಮುರಿದ ಹೂಕುಂಡಗಳ ಕಡೆಗೆ ತೋರಿಸಿ, "ಅಲ್ಲಿ ಹೂಕುಂಡದ ಬದಲು ಯಾರಾದ್ರೂ ಕೂತಿದ್ರೆ?" ಎಂದ. ಬಂದವರು ಒಬ್ಬೊಬ್ಬರಾಗಿ ಹೊರಗೆ ನಡೆದರು. ಅವನು ಹೇಳಿದ್ದು ಸರಿ. ಸರಿಯಾಗಿರುವುದಕ್ಕೂ ಕಲ್ಲಾಗಿರುವುದಕ್ಕೂ ಅಡ್ಡಿಯೇನಿಲ್ಲ.

ಅಳಿಯನಿಗೆ ಮನೆಯಲ್ಲಿ ಕೂರುವ ಚಿಂತೆಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಅವನ ಅಮಾನತು ಮುಗಿಯುವ ಹಿಂದಿನ ದಿನ ಮೇಲಿನ ಕಚೇರಿಯವರು ಬಸ್ಸುಗಳ ತಪಾಸಣೆಗೆ ಬರುವವರಿದ್ದರು. ಸ್ಟಾರ್ಟ್ ಆಗದ ಬಸ್ಸಿನ ಬಾಗಿಲಿಗೆ ಸುಣ್ಣದಲ್ಲೊಂದು ಗೀಟು ಎಳೆದು ಹೋಗುತ್ತಾರೆ. ಗೀಟು ಬಿದ್ದ ಬಸ್ಸು ಗುಜರಿಗೆ. ಬಸ್ಸು ಹೋದ ಚಾಲಕ ಬದಲಿ ಚಾಲಕ. ಇವತ್ತು ಒಬ್ಬನ ಬಸ್ಸು, ನಾಳೆ ಇನ್ನೊಬ್ಬನದು, ಯಾವುದೂ ತನ್ನದಲ್ಲ. ಒಂದು ತಿಂಗಳು ಯಾರೂ ಮುಟ್ಟದೆ ನಿಂತ ಮುದುಕಿ ಆ ದಿನ ಏಳುವುದುಂಟೇ?

ಮೊದಲ ಸಂಜೆ ಊಟದ ಮೇಜಿನಲ್ಲಿ ಅವನು ಬೇಡಿಕೊಂಡ. ನಾನೂ ಅಲ್ಲಿದ್ದೆ.

"ಮಾವ, ಬೆಳಗ್ಗೆ ಐದು ನಿಮಿಷ ಬಂದು ಸ್ಟಾರ್ಟ್ ಮಾಡಿ ಹೋಗ್ತೀನಿ. ಓಡಿಸಲ್ಲ."

"ಅಮಾನತಾದವನು ಗೇಟು ದಾಟಬಾರದು."

"ಹಾಗಾದ್ರೆ ಬೇರೆ ಯಾರಿಗಾದ್ರೂ ಹೇಳಿ."

"ನಿನ್ನ ಸೀಟಲ್ಲಿ ಬೇರೆಯವನು ಕೂತ್ರೆ ಆಮೇಲೆ ಇಡೀ ವಾರ ನಿನ್ನ ಗೊಣಗಾಟ ಯಾರು ಕೇಳ್ತಾರೆ? ಸಾರು ಬಡಿಸಮ್ಮ."

ಮಗಳು ಸಾರಿನ ಸೌಟನ್ನು ಪಾತ್ರೆಗೆ ವಾಪಸ್ಸು ಹಾಕಿದಳು.

"ಅಪ್ಪಾ, ಕೇಳಿಸ್ಕೊಳ್ಳಿ. ಇವತ್ತಿಂದ ನಿಮ್ಮ ಕ್ಷೌರ ಅಮಾನತು. ಮೀಸೆ ಸೇರಿ."

"ಎಷ್ಟು ದಿನ?"

"ಇವರದು ಎಷ್ಟೋ ಅಷ್ಟು. ಗಾಡಿಗೆ ಗೀಟು ಬಿದ್ರೆ ಜೀವನಪೂರ್ತಿ."

"ಸರಿ" ಎಂದ ತಮ್ಮ. ನಂತರ ಸಾರನ್ನು ತಾನೇ ಬಡಿಸಿಕೊಂಡ.

ಅಲ್ಲಿಂದ ಆ ಮನೆಯಲ್ಲಿ ನಡೆದದ್ದನ್ನು ನಾನು ಎದುರು ಮನೆಯಿಂದ ಚೆನ್ನಾಗಿಯೇ ನೋಡಿದೆ. ಅಳಿಯ ದಿನವೆಲ್ಲ ಪಾರ್ಲರಿನಲ್ಲಿ ಕೂದಲು ಗುಡಿಸುತ್ತಿದ್ದ. ಗುಡಿಸುವುದಕ್ಕಿಂತ ತಿರುಗುವ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ಹಿಂದಿನ ಬೀದಿ ನೋಡುವುದೇ ಹೆಚ್ಚು. ಗಿರಾಕಿಗಳಿಗೆ ಜಾಗ ಬಿಡಿ ಎಂದರೆ, "ಹಿಂದೆ ಸೈಕಲ್ ಬರ್ತಿದೆ, ಇರು" ಎನ್ನುತ್ತಿದ್ದ. ತಮ್ಮನ ತಲೆ ಬೆಳೆಯಿತು. ಮೊದಲು ಕಿವಿ ಮುಚ್ಚಿತು, ಆಮೇಲೆ ಕಾಲರು. ಮೀಸೆಯ ಒಂದು ತುದಿ ಮೇಲಕ್ಕೆ ಹೋಗಿ ಇನ್ನೊಂದು ಕೆಳಕ್ಕೆ ಬಂತು. ವರ್ಕ್‌ಶಾಪಿನ ಮೇಸ್ತ್ರಿ ನನಗೆ ದಾರಿಯಲ್ಲಿ ಸಿಕ್ಕಿ, "ಅಮ್ಮಾ, ಸಾಹೇಬರು ಏನಾದ್ರೂ ಹರಕೆ ಹೊತ್ತಿದ್ದಾರಾ?" ಎಂದು ಕೇಳಿದ.

"ಬೇರೆ ಕಡೆ ಹೋಗಿ ಕತ್ತರಿಸಿಕೊಳ್ಳೋ. ಕರಡಿ ಥರ ಕಾಣ್ತೀಯ" ಎಂದೆ ತಮ್ಮನಿಗೆ.

"ಅದು ಹೆಂಗಾಗುತ್ತೆ? ಅಮಾನತು ಅಂದ ಮೇಲೆ ಅಮಾನತು. ಹಾಕಿದವಳೇ ತೆಗೀಬೇಕು."

ಹಟದಲ್ಲಿ ಅಪ್ಪ ಹೆಚ್ಚೋ ಮಗಳು ಹೆಚ್ಚೋ ಎಂದು ಅಳೆಯುವ ಕೋಲು ಇನ್ನೂ ಯಾರೂ ಮಾಡಿಲ್ಲ. ಅವಳಿಗೆ ಜಗಳಕ್ಕೆ ದಿನಕ್ಕೊಂದು ನೆಪ ಸಿಗುತ್ತಿತ್ತು. ಅಪ್ಪ ಬೆಳಕು ಹರಿಯುವ ಮೊದಲೇ ವಾಕಿಂಗ್ ಎಂದು ಬಾಗಿಲು ಸದ್ದು ಮಾಡಿಕೊಂಡು ಹೋಗುತ್ತಾರೆ ಎಂದು ಒಂದು ದಿನ. ಛತ್ರಿ ಊರಿದ ಕಡೆಯೆಲ್ಲ ನೆಲದ ಮೇಲೆ ಜಿಡ್ಡಿನ ಕಪ್ಪು ಚುಕ್ಕೆ ಬೀಳುತ್ತದೆ, ಒರೆಸಿ ಒರೆಸಿ ಸಾಕಾಯಿತು ಎಂದು ಇನ್ನೊಂದು ದಿನ. "ಡಿಪೋದ ಕೊಳಕೆಲ್ಲ ಚುಚ್ಚಿ ಮನೆಗೆ ತರ್ತಾರೆ ಅತ್ತೆ. ಮಳೆ ಇಲ್ಲ, ಮೋಡ ಇಲ್ಲ, ಛತ್ರಿ ಯಾಕೆ ಬೇಕು ಇವರಿಗೆ?"

ತಿಂಗಳು ನಡುವಿಗೆ ಬಂದಾಗ ಒಂದು ಸಂಜೆ ಅಳಿಯ ಬಾಯಿ ಬಿಟ್ಟ.

"ಆ ಮಾತೇ ಸರಿಯಿಲ್ಲ ಅತ್ತೆ. ಅ ಅಂದ್ರೆ ಇಲ್ಲ. ಮಾನ ಇಲ್ಲದ ಹಾಗೆ ಮಾಡೋದೇ ಅಮಾನತು. ಬೀದೀಲಿ ಎಲ್ಲರೂ ನನ್ನ ಹಾಗೇ ನೋಡ್ತಾರೆ."

"ಮಾನಕ್ಕೂ ಅದಕ್ಕೂ ಸಂಬಂಧವಿಲ್ಲ" ಎಂದೆ. ನಲವತ್ತು ವರ್ಷ ಭಾಷೆ ಕಲಿಸಿದವಳ ಎದುರು ಇಂಥ ಮಾತು ಆಡಿದರೆ ಪಾಠ ಕೇಳಲೇಬೇಕಾಗುತ್ತದೆ. ಕೇಳಿದ.

ಅಮಾನತು ಮೂಲದಲ್ಲಿ ಅರಬ್ಬಿ ಮಾತು. ಪಾರಸಿಯ ಮೂಲಕ ಕಚೇರಿಗಳಿಗೆ ಬಂದು, ಅಲ್ಲಿಂದ ನಮ್ಮ ನುಡಿಗೆ ಇಳಿಯಿತು. ನಂಬಿಕೆಯ ಮೇಲೆ ಒಬ್ಬರ ಬಳಿ ಬಿಟ್ಟ ವಸ್ತುವಿಗೆ ಆ ಹೆಸರು. ದೂರಕ್ಕೆ ಹೊರಟವನು ನೆರೆಯವನ ಮನೆಯಲ್ಲಿ ಇಟ್ಟು ಹೋದ ಪೆಟ್ಟಿಗೆ ಅಮಾನತು. ಇಟ್ಟುಕೊಂಡವನು ಅದನ್ನು ತೆರೆಯುವಂತಿಲ್ಲ, ಬಳಸುವಂತಿಲ್ಲ, ಕೆಡಲು ಬಿಡುವಂತಿಲ್ಲ. ಕೇಳಿದ ದಿನ ಇದ್ದ ಹಾಗೆಯೇ ವಾಪಸ್ಸು ಕೊಡಬೇಕು. ಅಮೀನ ಎಂಬ ಮಾತೂ ಅದೇ ಬೇರಿನದು, ನಂಬಿಕಸ್ಥ ಎಂದರ್ಥ. ಕೋರ್ಟಿನಿಂದ ಮನೆ ಜಪ್ತಿಗೆ ಬಂದ ಅಮೀನನನ್ನು ಕಂಡವರು ಇದನ್ನು ಒಪ್ಪುವುದು ಕಷ್ಟ. ಯಾರಿಗೆ ಸೇರಬೇಕೆಂದು ತೀರ್ಮಾನವಾಗದ ಹಣವನ್ನು ಕಚೇರಿಗಳಲ್ಲಿ ಅಮಾನತಿನಲ್ಲಿ ಇಡುತ್ತಿದ್ದರು. ಮುಂದೆ, ಏನು ಮಾಡಬೇಕೆಂದು ತೀರ್ಮಾನವಾಗದ ನೌಕರರನ್ನೂ ಅಲ್ಲೇ ಇಡತೊಡಗಿದರು ಎಂದು ತೋರುತ್ತದೆ. ಹೀಗೆ ಇಟ್ಟುಕೊಳ್ಳುವ ಮಾತು ಕಿತ್ತುಕೊಳ್ಳುವ ಮಾತಾಯಿತು. ಕಚೇರಿಯ ಕೈಗೆ ಸಿಕ್ಕ ಮಾತುಗಳ ಗತಿಯೇ ಅಷ್ಟು. ಆದರೂ ವಜಾ ಎಂದರೆ ಕಳೆದು ಹಾಕಿದ್ದು, ರದ್ದು ಎಂದರೆ ತಳ್ಳಿ ಹಾಕಿದ್ದು. ಅಮಾನತು ಎಂದರೆ ಇವತ್ತಿಗೂ ಎತ್ತಿಟ್ಟದ್ದು.

"ಹಾಗಾದ್ರೆ ನನ್ನ ಎತ್ತಿಟ್ಟಿದ್ದಾರೆ ಅಂತಾಯ್ತು" ಎಂದ ಅಳಿಯ. "ಉಪ್ಪಿನಕಾಯಿ ಥರ."

"ಅಪ್ಪಂಗೆ ಅರ್ಥ ಎಲ್ಲ ಬೇಡ ಅತ್ತೆ. ಕೆಳಗೆ ರುಜು ಹಾಕೋಕೆ ಜಾಗ ಇದ್ರೆ ಸಾಕು" ಎಂದಳು ಮಗಳು.

ತಮ್ಮ ಕಣ್ಣಿಗೆ ಬೀಳುತ್ತಿದ್ದ ಕೂದಲನ್ನು ಹಿಂದಕ್ಕೆ ತಳ್ಳಿ, "ಬರೆದ ಮಾತಲ್ಲಿ ತಪ್ಪಿಲ್ಲ ಅಂತಾಯ್ತಲ್ಲ" ಎಂದು ಕೈ ತೊಳೆಯಲು ಎದ್ದು ಹೋದ. ಮೂವತ್ತು ಜನ ವಿದ್ಯಾರ್ಥಿಗಳು ಒಟ್ಟಿಗೆ ಆಕಳಿಸಿದಾಗಲೂ ನನಗೆ ಅಷ್ಟು ಸೋಲೆನಿಸಿರಲಿಲ್ಲ.

ತಪಾಸಣೆಯ ಹಿಂದಿನ ಸಂಜೆ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ, ತಮ್ಮನೊಬ್ಬನನ್ನು ಬಿಟ್ಟು. ಅಳಿಯ ತಟ್ಟೆಯಲ್ಲಿ ಬೆರಳಿನಿಂದ ಗೀಟು ಎಳೆಯುತ್ತ ಕೂತಿದ್ದ.

"ಈಗ್ಲೂ ಟೈಮಿದೆ ಮಾವ. ಬೆಳಗ್ಗೆ ಮೇಸ್ತ್ರಿಗೆ ಹೇಳಿ ತಳ್ಳಿಸಿ."

"ತಳ್ಳಿ ಸ್ಟಾರ್ಟ್ ಮಾಡಿದ್ರೆ ತಪಾಸಣೆಯವರು ಒಪ್ಪಲ್ಲ."

"ನಾನು ಎಷ್ಟು ವರ್ಷ ಸಾಕಿದ ಗಾಡಿ ಅದು. ನಿಮಗೇನೂ ಅನ್ನಿಸಲ್ವಾ?"

"ಅನ್ನಿಸೋದು ಬಿಡೋದು ನಿಯಮದಲ್ಲಿಲ್ಲ."

ಮಗಳು ಎದ್ದಳು. ಒಳಗೆ ಹೋಗಿ ತನ್ನ ಕತ್ತರಿ, ಬಾಚಣಿಗೆಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಬಡಿದ ಸದ್ದು ಕೇಳಿಸಿತು. ಅವಳು ಗಟ್ಟಿಯಾಗಿ ಕೂಗಾಡಿದ್ದರೆ ವಾಸಿಯಿತ್ತು. ಆ ಮನೆಯಲ್ಲಿ ಜಗಳ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ಎದ್ದು, ಇವನಂಥ ಕಲ್ಲನ್ನು ನಮ್ಮ ತಾಯಿ ಹೇಗೆ ಹೆತ್ತಳೋ ಎಂದುಕೊಳ್ಳುತ್ತ ಬೀದಿ ದಾಟಿದೆ.

ಮಾರನೆಯ ಬೆಳಗ್ಗೆ ನನಗೆ ಪಕ್ಕದ ಪಟ್ಟಣದ ಕಣ್ಣಿನ ಡಾಕ್ಟರ ಬಳಿ ಹೋಗಬೇಕಿತ್ತು. ಮೊದಲ ಬಸ್ಸು ಡಿಪೋದ ಗೇಟಿನಿಂದಲೇ ಹೊರಡುತ್ತದೆ. ಬೇಗ ತಲುಪಿ, ತಂತಿಬೇಲಿಯ ಪಕ್ಕದ ಬೆಂಚಿನಲ್ಲಿ ಕೂತೆ. ಬೆಳಕು ಆಗಷ್ಟೇ ಬೂದುಬಣ್ಣಕ್ಕೆ ತಿರುಗಿತ್ತು. ಅಂಗಳದಲ್ಲಿ ಜನವಿರಲಿಲ್ಲ. ಮುದುಕಿ ಬೇಲಿಯ ಒಳಗೆ ಮೂಲೆಯಲ್ಲಿ, ನನಗೆ ಹತ್ತಿರದಲ್ಲೇ ನಿಂತಿದ್ದಳು. ಮುಂದಿನ ಚಕ್ರಗಳ ಹಿಂದಕ್ಕೂ ಮುಂದಕ್ಕೂ ಇಟ್ಟಿಗೆ ಕೊಟ್ಟಿತ್ತು.

ಕಚೇರಿಯ ಕಡೆಯಿಂದ ತಮ್ಮ ಛತ್ರಿ ಊರಿಕೊಂಡು ಬಂದ. ಬೆಂಚಿನ ಮೇಲೆ ನಾನಿರುವುದು ಅವನಿಗೆ ಕಾಣಲಿಲ್ಲ. ನಾಲ್ಕೂ ಇಟ್ಟಿಗೆಗಳನ್ನು ಒಂದೊಂದಾಗಿ ಕಾಲಿನಿಂದ ಒತ್ತಿ ನೋಡಿದ. ಚಾಲಕನ ಬಾಗಿಲು ತೆರೆದು ಮೆಟ್ಟಿಲು ಹತ್ತಿದ. ಹತ್ತಿದವನು ಒಳಗೆ ಹೋಗಿ ಕೂರಲಿಲ್ಲ. ಮೆಟ್ಟಿಲಿನ ಮೇಲೆಯೇ ನಿಂತು, ಒಂದು ಕೈಯಲ್ಲಿ ಬಾಗಿಲಿನ ಕಂಬಿ ಹಿಡಿದು, ಸೊಂಟ ಮುರಿದವನಂತೆ ಒಳಕ್ಕೆ ಬಾಗಿದ. ಛತ್ರಿಯನ್ನು ಕೆಳಕ್ಕೆ ತೂರಿಸಿ ಅದರ ತುದಿಯಿಂದ ಎಕ್ಸಲರೇಟರನ್ನು ಅರ್ಧಕ್ಕೆ ಒತ್ತಿದ. ಮಂಡಿಯಿಂದ ಛತ್ರಿಯ ಹಿಡಿಗೆ ಆನಿಕೆ ಕೊಟ್ಟು, ಬಿಡುವಾದ ಕೈಯನ್ನು ಸೀಟಿನ ಮೇಲಿಂದ, ಸೀಟಿಗೆ ತಾಗದ ಹಾಗೆ ಚಾಚಿ, ಚಾವಿ ತಿರುಗಿಸಿದ.

ಮುದುಕಿ 'ಗರ್' ಎಂದಳು, ಕೆಮ್ಮಿದಳು, ಸುಮ್ಮನಾದಳು. ಅವನು ಛತ್ರಿಯ ತುದಿಯನ್ನು ಸ್ವಲ್ಪ ಸರಿಸಿದ. ಎರಡನೇ ಸಲಕ್ಕೆ ಎಂಜಿನ್ ಹಿಡಿಯಿತು.

ಅವನ ವಯಸ್ಸಿಗೆ ಆ ಭಂಗಿ ಒಳ್ಳೆಯದಲ್ಲ. ಆದರೂ ಹಾಗೆಯೇ ಇದ್ದ. ಎಂಜಿನ್ನಿನ ಸದ್ದು ಒಂದೇ ಸಮವಾದ ಮೇಲೆ ಛತ್ರಿ ಎತ್ತಿಕೊಂಡು ಕೆಳಗಿಳಿದ. ಜೇಬಿನಿಂದ ಬಟ್ಟೆ ತೆಗೆದು, ಹೊರಗಿನ ಕನ್ನಡಿಯನ್ನು ಒಂದು ಕೈಯಿಂದ ಅಲುಗದಂತೆ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಅದರ ಮೇಲಿನ ಮಂಜು ಒರೆಸಿದ. ಮುಂದಿನ ಗಾಜು ಒರೆಸಿದ. ಆಮೇಲೆ ಬಸ್ಸಿನ ಪಕ್ಕ, ಎರಡೂ ಕೈ ಛತ್ರಿಯ ಮೇಲಿಟ್ಟು, ಬ್ಯಾಟರಿಗೆ ಬೇಕಾದಷ್ಟು ಹೊತ್ತು ನಿಂತ. ಅವನ ಹಿಂದೆ ಗೋಡೆಯ ಮೇಲೆ ಅವನದೇ ನಿಯಮ ದೊಡ್ಡ ಅಕ್ಷರದಲ್ಲಿತ್ತು. ಎಂಜಿನ್ ಓಡುತ್ತಿತ್ತು, ಸೀಟಿನಲ್ಲಿ ಚಾಲಕ ಇರಲಿಲ್ಲ.

ನನ್ನ ಬಸ್ಸು ಬಂತು. ನಾನು ಹತ್ತಿದೆ.

ಸಂಜೆ ವಾಪಸ್ಸು ಬಂದಾಗ ಸುದ್ದಿ ನನಗಿಂತ ಮೊದಲೇ ಬೀದಿಗೆ ತಲುಪಿತ್ತು. ಮಧ್ಯಾಹ್ನ ತಪಾಸಣೆಯವರ ಎದುರು ಮುದುಕಿ ಒಂದೇ ಸಲಕ್ಕೆ ಎದ್ದಳಂತೆ. ಮೇಸ್ತ್ರಿಯೇ ಓಡಿ ಬಂದು ಹೇಳಿದ್ದ. ಅಳಿಯನ ಕಾಲು ನೆಲದ ಮೇಲಿರಲಿಲ್ಲ.

"ನೋಡಿದ್ರಾ ಅತ್ತೆ? ಸಾಕಿದ ಕೈನ ಗುಣ ಅಂದ್ರೆ ಇದು. ಒಂದು ತಿಂಗಳು ಯಾರೂ ಮುಟ್ಟಿಲ್ಲ, ಆದ್ರೂ ಎದ್ದಳು. ಮುದುಕೀರನ್ನ ಕಡಿಮೆ ಅಂದ್ಕೋಬಾರದು."

"ಅಂದುಕೊಳ್ಳಬೇಡ" ಎಂದೆ.

"ಮಾವ, ನಾಳೆ ಎಷ್ಟೊತ್ತಿಗೆ ಬರಲಿ?"

"ಡ್ಯೂಟಿ ಟೈಮಿಗೆ. ಮೊದಲೂ ಬೇಡ, ಆಮೇಲೂ ಬೇಡ" ಎಂದ ತಮ್ಮ.

"ನೋಡಿ ಅತ್ತೆ, ಇವರನ್ನ" ಎಂದಳು ಮಗಳು. "ಗಾಡಿ ಉಳಿಸೋಕೆ ಒಂದು ಕಡ್ಡಿನೂ ಎತ್ತಿ ಆಚೆ ಇಡಲಿಲ್ಲ. ಒಂದು ಒಳ್ಳೆ ಮಾತು ಬರುತ್ತಾ ಬಾಯಲ್ಲಿ? ನಾಳೆ ಇವರು ಕೆಲಸಕ್ಕೆ ಹೋದ ಮೇಲೆ ಬಂದು ಕೂತ್ಕೊಳ್ಳಿ ಅಪ್ಪಾ, ತಲೆ ಸರಿ ಮಾಡ್ತೀನಿ. ಮೊದಲು ಆ ಛತ್ರಿ ಎತ್ತಿ. ಮತ್ತೆ ನೆಲ ಎಲ್ಲ ಕಪ್ಪು ಮಾಡಿದ್ದೀರಿ."

ತಮ್ಮ ನನ್ನ ಕಡೆ ನೋಡಿದ. ಬೆಳಗಿನ ಮೊದಲ ಬಸ್ಸು ಎಲ್ಲಿಂದ ಹೊರಡುತ್ತದೆ ಎಂಬುದು ಡಿಪೋ ಮ್ಯಾನೇಜರಿಗೆ ಆಗ ನೆನಪಾಗಿರಬೇಕು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದೆ.

ಅವನು ಮೂಲೆಯಿಂದ ಒದ್ದೆಬಟ್ಟೆ ತಂದು, ಕೂದಲು ಮುಖಕ್ಕೆ ಬೀಳುತ್ತಿರುವಂತೆಯೇ ಮಂಡಿಯೂರಿ ಕೂತು, ನೆಲದ ಮೇಲಿನ ಜಿಡ್ಡಿನ ಚುಕ್ಕೆಗಳನ್ನು ಒಂದೊಂದಾಗಿ ಒರೆಸಿದ.